ಜೀರ್ಣೋದ್ಧಾರ

ನಮ್ಮ ನಾಡಿನ ಹಳೆಯ ಗುಡಿಗಳ ಬಾಗಿಲಲ್ಲಿ ಕೆಲವೆಡೆ ಒಂದು ಕಲ್ಲುಹಲಗೆ ಇರುತ್ತದೆ. ಅದರ ಮೇಲೆ 'ಜೀರ್ಣೋದ್ಧಾರ' ಎಂಬ ಮಾತನ್ನೂ ಆ ಕಾರ್ಯ ನಡೆದ ವರ್ಷವನ್ನೂ ಕೆತ್ತಿರುವುದನ್ನು ನೀವು ನೋಡಿರಬಹುದು. ಜೀರ್ಣವಾದುದನ್ನು ಮೇಲೆತ್ತಿ ನಿಲ್ಲಿಸುವುದೇ ಜೀರ್ಣೋದ್ಧಾರ. ಗುಡಿಗೆ, ಕೆರೆಗೆ, ತೇರಿಗೆ ಸಲ್ಲುವ ಈ ಮಾತು ಒಂದು ಮೋಟಾರು ಸೈಕಲಿಗೂ ಸಲ್ಲುವುದೆಂದು ನಾನು ಬಹುಕಾಲ ಎಣಿಸಿರಲಿಲ್ಲ. ನನ್ನ ತಂದೆಯವರ ಹಳೆಯ ಜಾವಾ ಗಾಡಿ ನನಗೆ ಅದನ್ನು ಕಲಿಸಿತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಒಂದು ಯಂತ್ರ ಪಾಠ ಹೇಳಿದ ಸಂಗತಿಯನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ನನ್ನ ತಂದೆಯವರು ಪಶುಸಂಗೋಪನಾ ಇಲಾಖೆಯಲ್ಲಿ ಸ್ಟಾಕ್‌ಮನ್ ಆಗಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವು ಅವರು ದುಡಿದ ನಾಲ್ಕು ನೆಲೆಗಳು. ಈ ಊರುಗಳೆಲ್ಲ ಇಂದು ದಾವಣಗೆರೆ ಜಿಲ್ಲೆಯಲ್ಲಿವೆ. ಆದರೆ ಆ ಜಿಲ್ಲೆ ರಚನೆಯಾದುದು 1997ರಲ್ಲಿ. ತಂದೆಯವರ ಕಾಲದಲ್ಲಿ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗಕ್ಕೂ ಜಗಳೂರು ತಾಲ್ಲೂಕು ಚಿತ್ರದುರ್ಗಕ್ಕೂ ಸೇರಿದ್ದವು. ಇಂದು ತಾಲ್ಲೂಕು ಕೇಂದ್ರವಾಗಿರುವ ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಒಂದು ಊರಾಗಿದ್ದಿತು. ಚನ್ನಗಿರಿಯ ಕಡೆ ಅಡಕೆ ತೋಟಗಳ ನೆರಳು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆ. ಜಗಳೂರಿನ ಕಡೆ ಮುಗಿಲನ್ನೇ ನೋಡುತ್ತ ಕುಳಿತ ಒಣ ಬಯಲು. ಈ ಮೂರು ಬಗೆಯ ನೆಲದಲ್ಲೂ ತಂದೆಯವರ ಗಾಡಿ ಓಡಿದೆ.

ಆ ದಿನಗಳಲ್ಲಿ ರೈತರು ಹೆಸರು ಹೇಳಲೂ ಅಂಜುತ್ತಿದ್ದ ದನಗಳ ಕಾಯಿಲೆಯೊಂದಿತ್ತು. ಅದೇ ದೊಡ್ಡರೋಗ. ಹಟ್ಟಿಗೆ ಹೊಕ್ಕರೆ ಹಟ್ಟಿಯನ್ನೇ ಬರಿದು ಮಾಡುತ್ತಿದ್ದ ಮಾರಿ ಅದು. ಲಸಿಕೆಯೊಂದೇ ಅದಕ್ಕೆ ತಡೆ. ಆದರೆ ಲಸಿಕೆಯನ್ನು ತಂಪಾಗಿ ಇರಿಸಬೇಕು. ಬಿಸಿಲಿಗೆ ಸಿಕ್ಕಿ ಕಾದರೆ ಅದರ ಶಕ್ತಿ ಕುಂದುತ್ತದೆ. ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ಲಸಿಕೆಯ ಸೀಸೆಗಳನ್ನಿಟ್ಟು, ಮಂಜು ಕರಗುವ ಮುನ್ನ ಹಳ್ಳಿಯನ್ನು ಮುಟ್ಟುವುದು ತಂದೆಯವರ ನಿತ್ಯದ ಓಟವಾಗಿದ್ದಿತು. ಅವರಂತಹ ಸಾವಿರಾರು ಜನರ ಓಟದ ಫಲವಾಗಿ ಆ ರೋಗ ಹಿಂದೆ ಸರಿಯಿತು. 2011ರಲ್ಲಿ ಅದು ಇಡೀ ಜಗತ್ತಿನಿಂದಲೇ ಅಳಿದುಹೋಯಿತೆಂದು ಘೋಷಿಸಲಾಯಿತು. ಆ ಸುದ್ದಿಯನ್ನು ಕೇಳಲು ತಂದೆಯವರು ಉಳಿದಿರಲಿಲ್ಲ.

ಮಂಜಿನ ಪೆಟ್ಟಿಗೆಯನ್ನು ಹೊರಲೆಂದು ಅವರು ಗಾಡಿಯ ಹಿಂಬದಿಗೆ ಹೊನ್ನಾಳಿಯ ಕಮ್ಮಾರರೊಬ್ಬರಿಂದ ಒಂದು ಕಬ್ಬಿಣದ ಚೌಕಟ್ಟನ್ನು ಮಾಡಿಸಿದ್ದರು. ಅದು ನೋಟಕ್ಕೆ ಒರಟು. ಒಂದು ಸರಳು ಮತ್ತೊಂದಕ್ಕಿಂತ ಅರ್ಧ ಅಂಗುಲ ಉದ್ದ. ಈ ಚೌಕಟ್ಟಿನ ಮಾತನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ಇನ್ನು ಗಾಡಿಯ ಕುಲದ ಮಾತು. ಜಾವಾ ಎಂಬುದು ಚೆಕೊಸ್ಲೊವಾಕಿಯಾ ದೇಶದಲ್ಲಿ ಹುಟ್ಟಿದ ಹೆಸರು. ಅಲ್ಲಿಯ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಯಂತ್ರಶಿಲ್ಪಿ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದನು. ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರ್ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಅವನು ಈ ಹೆಸರನ್ನು ಕಟ್ಟಿದನು. ಆ ಗಾಡಿ ನಮ್ಮ ನಾಡಿಗೆ ಬಂದು ಮೈಸೂರಿನ ಮಗಳಾದುದು 1960ರ ದಶಕದ ಆರಂಭದಲ್ಲಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನೆಲೆಗೊಂಡಿತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಅದನ್ನು ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಅದಕ್ಕೆ ಬೆಂಬಲವಿತ್ತರು. 1973ರಿಂದ ಅಲ್ಲಿಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆಯಾದರೂ, ಮೈಸೂರಿನ ಆ ಹಳೆಯ ಯಂತ್ರ ಮತ್ತೆ ಹುಟ್ಟಲಾರದು.

ಅದರ ಒಳರಚನೆ ಸರಳವಾದುದು. ಎರಡು ಹೊಡೆತದ ಎಂಜಿನ್. ಅಳತೆ ಸುಮಾರು 250 ಘನ ಸೆಂಟಿಮೀಟರ್. ಪಿಸ್ಟನ್ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಚಲಿಸುವಷ್ಟರಲ್ಲಿ ಒಂದು ಸುತ್ತಿನ ಕೆಲಸ ಮುಗಿಯುತ್ತದೆ. ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕಬೇಕು. ಸಿಲಿಂಡರು ಒಂದೇ ಆದರೂ ಹೊಗೆಕೊಳವೆಗಳು ಎರಡು. ಗಾಡಿಯನ್ನು ಒದ್ದು ಎಬ್ಬಿಸುವ ಸನ್ನೆಯೂ ಗೇರು ಬದಲಿಸುವ ಸನ್ನೆಯೂ ಒಂದೇ. ಒದ್ದ ಮೇಲೆ ಅದನ್ನು ಮುಂದಕ್ಕೆ ಮಡಿಸಿದರೆ ಗೇರಿನ ಕೆಲಸಕ್ಕೆ ಸಿದ್ಧ. ಸರಪಣಿಯ ಸುತ್ತ ಪೂರ್ತಿ ಮುಚ್ಚಿದ ತಗಡಿನ ಕವಚ ಇದ್ದುದರಿಂದ ಜಗಳೂರಿನ ಧೂಳು ಅದರೊಳಗೆ ಹೊಗುತ್ತಿರಲಿಲ್ಲ. ಈ ಗಾಡಿಯ 'ಢಗ್ ಢಗ್' ಸದ್ದನ್ನು ಕೇಳಿಯೇ ಹಳ್ಳಿಯ ಜನ ದನಗಳನ್ನು ಬಿಚ್ಚಿಕೊಂಡು ಬರುತ್ತಿದ್ದರೆಂದು ನನ್ನ ತಾಯಿ ಹೇಳುತ್ತಿದ್ದರು.

ತಂದೆಯವರು ಗಾಡಿಯನ್ನು ಕೊಂಡುದು 1969ರಲ್ಲಿ. ಆಗ ಅದರ ಬಣ್ಣ ಕಡುಗೆಂಪು. ಹದಿನಾಲ್ಕು ವರ್ಷದ ದುಡಿಮೆಯಲ್ಲಿ ಆ ಬಣ್ಣ ಸವೆದು ತಗಡು ಕಾಣತೊಡಗಿದಾಗ, 1983ರಲ್ಲಿ, ಅವರು ಅದಕ್ಕೆ ನೀಲಿ ಬಣ್ಣವನ್ನು ಹೊಡೆಸಿದರು. ನೀಲಿ ಏಕೆಂದು ಯಾರೂ ಕೇಳಲಿಲ್ಲ. ಅವರಿಗೆ ಆ ಬಣ್ಣ ಇಷ್ಟವಾಗಿತ್ತು, ಅಷ್ಟೆ. 2001ರಲ್ಲಿ ಅವರು ತೀರಿಕೊಂಡ ಮೇಲೆ ಗಾಡಿ ಚನ್ನಗಿರಿಯ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯನ್ನು ಸೇರಿತು. ಅಡಕೆ ಸಿಪ್ಪೆಯ ಚೀಲಗಳ ನಡುವೆ ಇಪ್ಪತ್ತು ವರ್ಷಕ್ಕೂ ಮೇಲೆ ಅಲ್ಲಿಯೇ ನಿಂತಿತು.

ಕೆಲವು ವರ್ಷಗಳ ಹಿಂದೆ ಕೊಟ್ಟಿಗೆಯನ್ನು ಕೆಡವಬೇಕಾಗಿ ಬಂದಾಗ ಗಾಡಿ ಹೊರಗೆ ಬಂದಿತು. ಅದನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಆದರೆ ಹೇಗೆ ಸರಿಪಡಿಸಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಮೂರು ಮತಗಳು ಎದ್ದವು.

ಮೊದಲನೆಯದು ನನ್ನ ಅಣ್ಣನ ಮಗನದು. ಅವನು ಬೆಂಗಳೂರಿನಲ್ಲಿ ಎಂಜಿನಿಯರು. ಹಳೆಯ ಗಾಡಿಗಳ ವಿಷಯವನ್ನು ಚೆನ್ನಾಗಿ ಓದಿಕೊಂಡವನು. "ಗಾಡಿ ಮೈಸೂರಿನ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಆಗಬೇಕು. ನೀಲಿ ಬಣ್ಣ ಹೋಗಬೇಕು, ಕಡುಗೆಂಪು ಬರಬೇಕು. ಆ ಒರಟು ಚೌಕಟ್ಟನ್ನು ಕಿತ್ತುಹಾಕಬೇಕು. ಒಂದು ತಿರುಪು ಕೂಡ ಬೇರೆಯದಾಗಿರಬಾರದು. ನಮ್ಮ ಇಷ್ಟವನ್ನು ಇತಿಹಾಸದ ಮೇಲೆ ಹೇರಲು ನಾವು ಯಾರು?" ಎಂಬುದು ಅವನ ವಾದ.

ಎರಡನೆಯದು ನನ್ನ ಮಗನದು. "ಗಾಡಿ ಇರುವುದು ಓಡಲಿಕ್ಕೆ, ಪೂಜೆಗಲ್ಲ. ಆರು ವೋಲ್ಟಿನ ಆ ಮಂಕು ದೀಪವನ್ನು ನಂಬಿ ಇಂದಿನ ಹೆದ್ದಾರಿಯಲ್ಲಿ ರಾತ್ರಿ ಹೋಗಲು ಸಾಧ್ಯವೇ? ಹಳೆಯ ಬ್ರೇಕು ಇಂದಿನ ವೇಗಕ್ಕೆ ಸಾಕೇ? ಅಜ್ಜ ತಮಗೆ ಇಷ್ಟವಾದ ನೀಲಿ ಬಳಿಸಿದರು. ನನಗೆ ಕಪ್ಪು ಇಷ್ಟ. ಅಜ್ಜನಿಗಿದ್ದ ಸ್ವಾತಂತ್ರ್ಯ ನನಗೇಕಿಲ್ಲ?" ಎಂದು ಅವನು ಕೇಳಿದನು. ಈ ಕೊನೆಯ ಪ್ರಶ್ನೆಗೆ ನನ್ನ ಬಳಿ ಕೂಡಲೇ ಉತ್ತರವಿರಲಿಲ್ಲ.

ಮೂರನೆಯ ಮತ ನನ್ನ ತಂಗಿಯದು. ಅವಳು ಗಾಡಿಯ ಟಾಂಕಿಯನ್ನು ಸೆರಗಿನಿಂದ ಒರಸಿ, "ಅಪ್ಪನ ಗಾಡಿ ನೀಲಿ. ಕೆಂಪು ಗಾಡಿಯನ್ನು ನಾನು ಕಾಣೆ" ಎಂದಳು. ಅವಳು ಹುಟ್ಟಿದುದು ಗಾಡಿ ಕೊಂಡ ಬಹುಕಾಲದ ಮೇಲೆ. ಹೀಗೆ ಕಾರ್ಖಾನೆಯ ಮೂಲರೂಪ ಒಂದು, ಅಪ್ಪನ ರೂಪ ಮತ್ತೊಂದು, ಮಗನ ಮನಸ್ಸಿನ ರೂಪ ಇನ್ನೊಂದು. ಯಾವುದಕ್ಕೆ 'ಅಸಲು' ಎನ್ನುವುದು?

ನ್ಯಾಮತಿಯಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದಾರೆ. ತಂದೆಯವರ ಕಾಲದಲ್ಲಿಯೇ ಈ ಗಾಡಿಯನ್ನು ಬಿಚ್ಚಿ ಕಟ್ಟಿದ ಕೈ ಅವರದು. ಗಾಡಿಯನ್ನು ಅವರಲ್ಲಿಗೆ ಸಾಗಿಸಿದೆವು. ಅವರು ವಾದಕ್ಕೆ ಇಳಿಯಲಿಲ್ಲ. ಮೊದಲು ಒಂದು ಹಳೆಯ ಚಾದರವನ್ನು ಹಾಸಿ, ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲಿಯೇ ಅದರ ಮೇಲೆ ಜೋಡಿಸಿದರು. ಸಿಕ್ಕಿಕೊಂಡಿದ್ದ ಪಿಸ್ಟನ್ನನ್ನು ಸುತ್ತಿಗೆಯಿಂದ ಬಡಿಯಲಿಲ್ಲ. ಸಿಲಿಂಡರಿನೊಳಗೆ ಎಣ್ಣೆ ಸುರಿದು ಹಲವು ದಿನ ಕಾದರು. ಬಳಿಕ ಪೆಟ್ರೋಲ್ ಟಾಂಕಿಯನ್ನು ಕಳಚಿ, ಅದರ ತಳವನ್ನು ನಮಗೆ ತೋರಿಸಿದರು. ಬಿಸಿಲೂ ಮಳೆಯೂ ಮುಟ್ಟದ ಆ ಮರೆಯಲ್ಲಿ, ನೀಲಿ ಬಣ್ಣ ಪೂರ್ತಿ ತಲುಪದಿದ್ದ ಕಡೆ, 1969ರ ಕಡುಗೆಂಪು ಇನ್ನೂ ಹೊಳೆಯುತ್ತಿದ್ದಿತು. ಮೇಲೆ ನೀಲಿ, ಕೆಳಗೆ ಕೆಂಪು, ಅದರ ಕೆಳಗೆ ತಗಡಿಗೆ ಮೊದಲು ಹೊಡೆದ ತಳಬಣ್ಣ. ಊರಿನ ಹಾಳುದಿಬ್ಬವನ್ನು ಅಗೆದಾಗ ಒಂದರ ಕೆಳಗೊಂದು ಕಾಲದ ಪದರಗಳು ಕಾಣುವಂತೆ ಇಲ್ಲಿಯೂ ಕಂಡವು.

"ಮರಳು ಬಡಿಸಿ ಇದನ್ನೆಲ್ಲ ಒಂದೇ ಗಂಟೆಯಲ್ಲಿ ತೆಗೆಯಬಹುದು. ಆದರೆ ತೆಗೆದ ಮೇಲೆ ಮತ್ತೆ ಹಾಕಲು ನನಗೆ ಬಾರದು" ಎಂದರು ಮೇಸ್ತ್ರಿ.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬುದಕ್ಕೆ ಒಂದು ಅಳತೆಗೋಲು ಬೇಕಲ್ಲವೇ? ಅದನ್ನು ಹುಡುಕುತ್ತ ಹೋದಾಗ ನಮ್ಮ ನಾಡಿನ ಬಾಳಿನಲ್ಲಿಯೇ ಮೂರು ನಿದರ್ಶನಗಳು ದೊರೆತವು.

ಮೊದಲನೆಯದು ಊರ ತೇರು. ವರ್ಷ ವರ್ಷ ಎಳೆಯುವ ತೇರಿನ ಗಾಲಿ ಸವೆಯುತ್ತದೆ, ಅಚ್ಚು ಬಿರುಕು ಬಿಡುತ್ತದೆ. ಆಗ ಬಡಗಿ ಅದೇ ಅಳತೆಯ ಹೊಸ ಗಾಲಿಯನ್ನು ಮಾಡಿ ಕೂಡಿಸುತ್ತಾನೆ. ತೇರು ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. ಸವೆಯುವುದಕ್ಕೆಂದೇ ಇರುವ ಅಂಗಗಳು ಸವೆದರೆ ಬದಲಾಗಲೇಬೇಕು. ಇಲ್ಲವಾದರೆ ಎಳೆಯುವವರ ಜೀವಕ್ಕೇ ಅಪಾಯ. ಗಾಡಿಯ ಟೈರು, ಟ್ಯೂಬು, ಬ್ರೇಕಿನ ಪಟ್ಟಿ, ತಂತಿಗಳು, ರಬ್ಬರು ಇಂತಹವು. ನಲವತ್ತು ವರ್ಷದ ಟೈರನ್ನು ಅಸಲು ಎಂದು ಉಳಿಸಿಕೊಂಡು ರಸ್ತೆಗಿಳಿಯುವುದು ಭಕ್ತಿಯಲ್ಲ, ಅವಿವೇಕ.

ಎರಡನೆಯದು ಓಲೆಗರಿಯ ಹೊತ್ತಗೆ. ನಮ್ಮ ಹಳೆಯ ಕಾವ್ಯಗಳು ನಮಗೆ ದೊರೆತಿರುವುದು ಲಿಪಿಕಾರರ ಕೈಯಿಂದ. ಎಷ್ಟೋ ಲಿಪಿಕಾರರು ಪ್ರತಿ ಮಾಡುವಾಗ ತಮಗೆ ಇಷ್ಟವಾದ ಪದ್ಯವನ್ನು ನಡುವೆ ಸೇರಿಸಿದರು. ಅರ್ಥವಾಗದ ಹಳೆಯ ಪದವನ್ನು ತೆಗೆದು ಸುಲಭವಾದುದನ್ನು ಬರೆದರು. ಅವರಲ್ಲಿ ಹಲವರ ಉದ್ದೇಶ ಒಳ್ಳೆಯದೇ. ಆದರೆ ಕವಿಯ ಮಾತಾವುದು, ಲಿಪಿಕಾರನ ಮಾತಾವುದು ಎಂದು ಬೇರ್ಪಡಿಸಲು ವಿದ್ವಾಂಸರು ಇಡೀ ಜೀವಮಾನವನ್ನೇ ಸವೆಸಬೇಕಾಯಿತು. ಪಂಡಿತ ಡಿ. ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ' ಎಂಬ ಗ್ರಂಥವನ್ನೇ ಈ ಶಾಸ್ತ್ರಕ್ಕೆ ಮೀಸಲಾಗಿಟ್ಟರು. ಒಳ್ಳೆಯ ಸಂಪಾದಕನು ಓಲೆ ಮುರಿದು ಅಕ್ಷರ ಹೋದ ಕಡೆ ತನ್ನ ಊಹೆಯನ್ನು ಕವಿಯ ಮಾತೆಂದು ನಂಬಿಸುವುದಿಲ್ಲ. ಊಹೆಯನ್ನು ಊಹೆಯೆಂದೇ ಗುರುತು ಮಾಡಿ ತೋರಿಸುತ್ತಾನೆ. ಹೊಸದನ್ನು ಸೇರಿಸುವುದು ತಪ್ಪಲ್ಲ. ಹೊಸದನ್ನು ಹಳೆಯದೆಂದು ಹೇಳುವುದು ತಪ್ಪು.

ಗಾಡಿಗಳ ಲೋಕದಲ್ಲಿಯೂ ಇಂತಹ ಪ್ರಕ್ಷೇಪಗಳುಂಟು. ಪೇಟೆಯಲ್ಲಿ ಇಂದು 'ಅಸಲು' ಎಂಬ ಹೆಸರಿನಲ್ಲಿ ಮಾರುವ ಬಿಡಿಭಾಗಗಳಲ್ಲಿ ಎಷ್ಟೋ ಹೊಸದಾಗಿ ಮಾಡಿದ ನಕಲುಗಳು. ಹಳೆಯ ಟಾಂಕಿ, ಹಳೆಯ ಮಡ್‌ಗಾರ್ಡು, ಹಳೆಯ ಸೀಟು ಎಲ್ಲವನ್ನೂ ಎಸೆದು, ನಕಲು ಭಾಗಗಳನ್ನು ಕೂಡಿಸಿ, ಕಾರ್ಖಾನೆಯಲ್ಲಿಯೂ ಕಾಣದಷ್ಟು ಹೊಳಪು ಕೊಟ್ಟು ನಿಲ್ಲಿಸಿದ ಗಾಡಿ ನೋಟಕ್ಕೆ ಮೂಲರೂಪದಂತೆಯೇ ಇರುತ್ತದೆ. ಆದರೆ ಅದರಲ್ಲಿ ಮೂಲ ಉಳಿದುದೆಷ್ಟು? ಪಕ್ಕದಲ್ಲಿ ತುಕ್ಕು ಹಿಡಿದು ನಿಂತ ಗಾಡಿಯೇ ಅದಕ್ಕಿಂತ ಹೆಚ್ಚು ಅಸಲಾಗಿರಬಹುದು. ನನ್ನ ಅಣ್ಣನ ಮಗ ಈ ಮಾತನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದನು.

ಮೂರನೆಯ ನಿದರ್ಶನ ನಮ್ಮ ಚನ್ನಗಿರಿ ತಾಲ್ಲೂಕಿನದೇ ಆದ ಸಂತೆಬೆನ್ನೂರಿನ ಪುಷ್ಕರಣಿ. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕನು ಕಟ್ಟಿಸಿದನೆಂದು ಪ್ರಸಿದ್ಧವಾದ ಮೆಟ್ಟಿಲುಗೊಳ ಅದು. ನೀರಿನ ನಡುವೆ ವಸಂತ ಮಂಟಪ ನಿಂತಿದೆ. ಕೊಳದ ಬಳಿಯಲ್ಲಿಯೇ ಮುಸಾಫಿರ್ ಖಾನೆಯೂ ಇದೆ. ಅದು ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ್ದೆನ್ನುತ್ತಾರೆ. ಕೊಳ ಒಬ್ಬರದು, ಖಾನೆ ಇನ್ನೊಬ್ಬರದು. ನಡುವೆ ಕಾಳಗದ ಕಹಿಯೂ ಉಂಟು. 'ನಾಯಕನ ಕಾಲದ ಮೊದಲ ರೂಪವೊಂದೇ ಅಸಲು, ಆಮೇಲಿನದೆಲ್ಲ ಸೇರ್ಪಡೆ' ಎಂದು ಯಾರಾದರೂ ಹಾರೆ ಹಿಡಿದು ಹೊರಟರೆ ಏನಾಗುವುದು? ಇತಿಹಾಸದ ಒಂದು ಹಾಳೆಯನ್ನು ಓದಲು ಇನ್ನೊಂದು ಹಾಳೆಯನ್ನು ಹರಿದಂತಾಗುವುದು. ಮೊದಲ ದಿನವೊಂದೇ ಇತಿಹಾಸವಲ್ಲ. ಬಾಳಿದ ದಿನಗಳೂ ಇತಿಹಾಸವೇ.

ಈಗ ಹೊನ್ನಾಳಿಯ ಆ ಒರಟು ಚೌಕಟ್ಟಿನ ಮಾತು. ಕಾರ್ಖಾನೆಯ ಪಟ್ಟಿಯಲ್ಲಿ ಅದು ಇಲ್ಲ. ಮೂಲರೂಪದ ನಿಯಮವೊಂದನ್ನೇ ಹಿಡಿದರೆ ಅದನ್ನು ಕಿತ್ತೆಸೆಯಬೇಕು. ಸೊಗಸಿನ ನಿಯಮವೊಂದನ್ನೇ ಹಿಡಿದರೂ ಕಿತ್ತೆಸೆಯಬೇಕು. ಒಬ್ಬರನ್ನೊಬ್ಬರು ಒಪ್ಪದ ನನ್ನ ಅಣ್ಣನ ಮಗನೂ ನನ್ನ ಮಗನೂ ಈ ಒಂದು ವಿಷಯದಲ್ಲಿ ಮಾತ್ರ ಒಂದಾಗಿದ್ದರು! ಆದರೆ ಆ ಚೌಕಟ್ಟಿನ ಒಳಗಿನ ಅಂಚು ಮಂಜುಪೆಟ್ಟಿಗೆಯ ತಳ ಉಜ್ಜಿ ಉಜ್ಜಿ ನುಣುಪಾಗಿದೆ. ದೊಡ್ಡರೋಗದ ವಿರುದ್ಧ ನಡೆದ ಯುದ್ಧದಲ್ಲಿ ಈ ಗಾಡಿ ಏನು ಮಾಡಿತೆಂದು ಹೇಳಬಲ್ಲ ಸಾಕ್ಷಿ ಅದೊಂದೇ. ಅದನ್ನು ತೆಗೆದರೆ ಉಳಿಯುವುದು 1969ರ ಒಂದು ಜಾವಾ. ನಾಡಿನಲ್ಲಿ ಅಂತಹವು ಇನ್ನೂ ಎಷ್ಟೋ ಇವೆ. ಅದನ್ನು ಉಳಿಸಿದರೆ ಉಳಿಯುವುದು ನನ್ನ ತಂದೆಯವರ ಜಾವಾ. ಅದು ಒಂದೇ ಒಂದು.

ಹೀಗೆ ಯೋಚಿಸಿದವರು ನಾವು ಮಾತ್ರವಲ್ಲ. ಹಳೆಯ ಕಟ್ಟಡಗಳ ರಕ್ಷಣೆಗೆಂದು 1964ರಲ್ಲಿ ವೆನಿಸ್ ನಗರದಲ್ಲಿ ಒಂದು ಸನ್ನದು ರೂಪುಗೊಂಡಿತು. ಅದರ ದಾರಿಯಲ್ಲಿಯೇ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಟ್ಯೂರಿನ್ ಸನ್ನದನ್ನು ಒಪ್ಪಿತು. ಅದರ ತಿರುಳು ಇದು: ಹಳೆಯದನ್ನು ಸಾಧ್ಯವಾದಷ್ಟು ಉಳಿಸಬೇಕು, ಸುರಕ್ಷತೆಗಾಗಿ ಬದಲಾವಣೆ ಅನಿವಾರ್ಯವಾದರೆ ಅದನ್ನು ಮತ್ತೆ ಹಿಂದಕ್ಕೆ ತರಲು ಬರುವಂತೆ ಮಾಡಬೇಕು, ತೆಗೆದ ಮುಖ್ಯ ಭಾಗಗಳನ್ನು ಗಾಡಿಯ ಜೊತೆಗೇ ಕಾಪಾಡಬೇಕು. ನ್ಯಾಮತಿಯ ಮೇಸ್ತ್ರಿ ಈ ಸನ್ನದನ್ನು ಓದಿದವರಲ್ಲ; ಆದರೆ ಅವರು ಹಾಸಿದ ಚಾದರದಲ್ಲಿ ಅದರ ಅರ್ಧಭಾಗ ಅಡಗಿತ್ತು.

ನಮ್ಮ ದೇಶದ ಕಾನೂನಿನಲ್ಲಿಯೂ ಈ ವಿಷಯಕ್ಕೆ ಎಡೆಯುಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ತಯಾರಕರು ನಿಗದಿಮಾಡಿದ ಹಾಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಇರುವ, ಚಾಸಿ, ಎಂಜಿನುಗಳಲ್ಲಿ ಮಹತ್ತರ ಮಾರ್ಪಾಡಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು 'ವಿಂಟೇಜ್' ಎಂದು ಬೇರೆಯಾಗಿ ನೋಂದಾಯಿಸುವ ನಿಯಮ 2021ರಲ್ಲಿ ಬಂದಿತು. ಆದುದರಿಂದ ಚಾಸಿಯ ಮೇಲೆಯೂ ಎಂಜಿನ್ನಿನ ಮೇಲೆಯೂ ಒತ್ತಿರುವ ಸಂಖ್ಯೆಗಳನ್ನು ಹೊಳಪಿನ ಆಸೆಗೆ ಉಜ್ಜಿ ಅಳಿಸುವುದು ದೊಡ್ಡ ತಪ್ಪು. ಅವು ಗಾಡಿಯ ಜನ್ಮಪತ್ರಿಕೆ ಇದ್ದಂತೆ.

ಕೊನೆಗೆ ನಾವು ಮಾಡಿದುದು ಹೀಗೆ. ಎಂಜಿನ್ನನ್ನು ಬಿಚ್ಚಿ ತೊಳೆದು, ಸವೆದ ಬೇರಿಂಗು ಪಿಸ್ಟನ್ ಉಂಗುರಗಳನ್ನು ಬದಲಿಸಿದೆವು. ಟೈರು, ಬ್ರೇಕಿನ ಪಟ್ಟಿ, ತಂತಿಗಳೆಲ್ಲ ಹೊಸವು. ಮಗನ ಮಾತಿನಂತೆ ದೀಪವನ್ನು ಹನ್ನೆರಡು ವೋಲ್ಟಿಗೆ ಏರಿಸಿದೆವು. ಅದಕ್ಕೆಂದು ಯಾವ ಮೂಲಭಾಗವನ್ನೂ ಕೊರೆಯಲಿಲ್ಲ, ಕತ್ತರಿಸಲಿಲ್ಲ. ತೆಗೆದ ಹಳೆಯ ಡೈನಮೋವನ್ನು ಚೀಟಿ ಅಂಟಿಸಿ ಒಂದು ಪೆಟ್ಟಿಗೆಯಲ್ಲಿ ಇರಿಸಿದೆವು. ನೀಲಿ ಬಣ್ಣವನ್ನು ತೆಗೆಯಲಿಲ್ಲ. ತುಕ್ಕನ್ನು ತಡೆದು, ಒರಸಿ, ಇದ್ದಂತೆಯೇ ಉಳಿಸಿದೆವು. ಅದರ ಕೆಳಗಿನ ಕೆಂಪು ಅಲ್ಲಿಯೇ ಸುರಕ್ಷಿತವಾಗಿದೆ. ಮುಂದೆ ಯಾರಿಗಾದರೂ ನೋಡಬೇಕೆನಿಸಿದರೆ ಟಾಂಕಿಯ ತಳ ತಿರುಗಿಸಿದರಾಯಿತು. ಚೌಕಟ್ಟು ತನ್ನ ಉದ್ದದ ಸರಳಿನೊಡನೆ ಇದ್ದಲ್ಲಿಯೇ ಇದೆ. ಏನನ್ನು ಎಂದು ಬದಲಿಸಿದೆವೆಂಬುದನ್ನು ಒಂದು ನೋಟು ಪುಸ್ತಕದಲ್ಲಿ ಬರೆದಿಟ್ಟವನು ನನ್ನ ಅಣ್ಣನ ಮಗ.

ಆದರೆ ನನ್ನ ಮಗನ ಪ್ರಶ್ನೆ ಉಳಿದೇ ಇದ್ದಿತು. ಅಜ್ಜನಿಗಿದ್ದ ಸ್ವಾತಂತ್ರ್ಯ ಮೊಮ್ಮಗನಿಗೇಕಿಲ್ಲ? ಅಜ್ಜನ ಕಾಲದಲ್ಲಿ ಆ ಗಾಡಿ ಒಂದು ಸಾಧಾರಣ ವಾಹನ. ಅಂತಹವು ದಿನವೂ ಮೈಸೂರಿನಿಂದ ಹೊರಬೀಳುತ್ತಿದ್ದವು. ಒಂದರ ಬಣ್ಣ ಬದಲಾದರೆ ನಷ್ಟವಿರಲಿಲ್ಲ. ಇಂದು ಕಾರ್ಖಾನೆಯಿಲ್ಲ, ಅಜ್ಜನೂ ಇಲ್ಲ. ಉಳಿದಿರುವ ಸಾಕ್ಷಿ ಕಡಿಮೆಯಾದಷ್ಟೂ ಅದನ್ನು ಮುಟ್ಟುವ ಕೈ ಹೆಚ್ಚು ಎಚ್ಚರದಿಂದಿರಬೇಕು. ಇದು ನನ್ನ ಉತ್ತರ. ಅವನು ಒಪ್ಪಿದನೆಂದು ಹೇಳಲಾರೆ, ಅರ್ಧ ಒಪ್ಪಿದನು.

ಉಳಿದರ್ಧಕ್ಕೆ ಜಗಳೂರು ಉತ್ತರ ಕೊಟ್ಟಿತು. ಅಲ್ಲಿಯ ಗುಜರಿಯಂಗಡಿಯಲ್ಲಿ ಅವನು ಒಂದು ಯೆಜ್ಡಿ ರೋಡ್ ಕಿಂಗ್ ಗಾಡಿಯನ್ನು ಕಂಡನು. ಟಾಂಕಿ ಇರಲಿಲ್ಲ, ಸೀಟು ಇರಲಿಲ್ಲ, ದೀಪದ ಬಟ್ಟಲು ಇರಲಿಲ್ಲ. ಬಣ್ಣದ ಒಂದು ಚೂರೂ ಉಳಿದಿರಲಿಲ್ಲ. ಅದರ ಕಾಗದಪತ್ರಗಳು ಮಾತ್ರ ಸರಿಯಾಗಿದ್ದವು. ಉಳಿಸಲು ಅಲ್ಲಿ ಸಾಕ್ಷಿಯೇ ಇಲ್ಲವಾದ್ದರಿಂದ, ಬೆಸೆಯಲು ತಡೆಯೂ ಇರಲಿಲ್ಲ. ಕಾನೂನಿನ ಎಲ್ಲೆಯೊಳಗೆ ತನ್ನ ಅಭಿರುಚಿಯಂತೆ ಅದನ್ನು ಕಟ್ಟುತ್ತಿದ್ದಾನೆ. ಬಣ್ಣ ಕಪ್ಪು. ಯಾರಾದರೂ "ಇದು ಅಸಲೇ?" ಎಂದರೆ, "ಅಲ್ಲ, ಇದು ನನ್ನದು" ಎನ್ನುತ್ತಾನೆ. ಆ ಉತ್ತರದಲ್ಲಿ ಸುಳ್ಳಿಲ್ಲ. ಆದುದರಿಂದ ಆ ಕಪ್ಪು ಬಣ್ಣದಲ್ಲಿಯೂ ದೋಷವಿಲ್ಲ.

ಮಕ್ಕಳೇ, ನಿಮ್ಮೆಲ್ಲರ ಮನೆಯಲ್ಲಿ ಹಳೆಯ ಗಾಡಿ ಇರಲಾರದು. ಆದರೆ ಅಜ್ಜಿಯ ಬೀಸುಕಲ್ಲೋ, ಅಜ್ಜನ ಪೆಟ್ಟಿಗೆಯೋ, ಮಾಸಿದ ಪಟವೋ, ಲೆಕ್ಕದ ಪುಸ್ತಕವೋ ಇದ್ದೇ ಇರುತ್ತದೆ. ಅದನ್ನು ಹೊಸದಾಗಿ ಕಾಣಿಸುವ ಆಸೆ ಒಂದು ದಿನ ನಿಮಗೂ ಬರುವುದು. ಅಂದು ಕೈ ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ನಾನು ತೆಗೆಯುವುದನ್ನು ಮತ್ತೆ ತರಬಹುದೇ? ಇದರ ಮೇಲಿನ ಗುರುತು ಯಾರದಾದರೂ ದುಡಿಮೆಯ ಸಾಕ್ಷಿಯೇ? ನಾನು ಸೇರಿಸಿದುದನ್ನು ನಾನೇ ಸೇರಿಸಿದೆನೆಂದು ಹೇಳುವ ಪ್ರಾಮಾಣಿಕತೆ ನನ್ನಲ್ಲಿದೆಯೇ? ಈ ಮೂರಕ್ಕೂ ಉತ್ತರ ಕಂಡುಕೊಂಡು ಕೆಲಸಕ್ಕೆ ತೊಡಗಿದರೆ ನೀವು ತಪ್ಪು ಮಾಡುವುದು ಅಪರೂಪ.

ಗಾಡಿ ಸಿದ್ಧವಾದ ದಿನ ಮೇಸ್ತ್ರಿಯವರು ನನ್ನನ್ನೇ ಒದೆಯಲು ಹೇಳಿದರು. ಎರಡು ಸಲ ಒದ್ದೆ, ಎಚ್ಚರವಾಗಲಿಲ್ಲ. ಮೂರನೆಯ ಸಲಕ್ಕೆ ಬೂದು ಹೊಗೆ ಕಾರಿ ಎದ್ದಿತು. ಆ ಸದ್ದು ಕೇಳಿ ನನ್ನ ತಂಗಿ ಒಳಗಿನಿಂದ ಓಡಿ ಬಂದಳು. ಬಾಗಿಲಲ್ಲಿ ನಿಂತು ಗಾಡಿಯನ್ನು ನೋಡಲಿಲ್ಲ, ಅದರ ಹಿಂದಿನ ಬರಿದಾದ ಚೌಕಟ್ಟನ್ನು ನೋಡಿದಳು.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. 'ಜೀರ್ಣೋದ್ಧಾರ' ಎಂದರೇನು?
2. ಜಾವಾ ಎಂಬ ಹೆಸರು ಹೇಗೆ ಬಂದಿತು?
3. ಲೇಖಕರ ತಂದೆಯವರು ಗಾಡಿಗೆ ಚೌಕಟ್ಟನ್ನು ಏಕೆ ಮಾಡಿಸಿದರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಗಾಡಿಯನ್ನು ಸರಿಪಡಿಸುವ ವಿಷಯದಲ್ಲಿ ಮನೆಯಲ್ಲಿ ಎದ್ದ ಮೂರು ಮತಗಳಾವುವು?
2. ಓಲೆಗರಿಯ ನಿದರ್ಶನದಿಂದ ಲೇಖಕರು ತಿಳಿಸುವ ನೀತಿ ಯಾವುದು?
3. ಜಾವಾ ಗಾಡಿಗೆ ಸಲ್ಲದ ಕಪ್ಪು ಬಣ್ಣ ರೋಡ್ ಕಿಂಗ್ ಗಾಡಿಗೆ ಸಲ್ಲುವುದೆಂದು ಲೇಖಕರು ಒಪ್ಪಿದುದೇಕೆ?

ಇ) ಸಂದರ್ಭ ಸಹಿತ ವಿವರಿಸಿ.
1. "ತೆಗೆದ ಮೇಲೆ ಮತ್ತೆ ಹಾಕಲು ನನಗೆ ಬಾರದು."
2. "ಅಲ್ಲ, ಇದು ನನ್ನದು."

ಈ) ಚಟುವಟಿಕೆ.
ನಿಮ್ಮ ಮನೆಯಲ್ಲಿರುವ ಹಳೆಯ ವಸ್ತುವೊಂದನ್ನು ಆರಿಸಿಕೊಳ್ಳಿ. ಅದನ್ನು ಬಳಸಿದವರು ಯಾರು, ಅದರ ಮೇಲೆ ಯಾವ ಗುರುತುಗಳಿವೆ, ಅವು ಹೇಗೆ ಬಂದವು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಪುಟ ಬರೆಯಿರಿ.